ರೂಟರ್ ಬಾಕ್ಸ್ ಮೇಲಿನ ನಂಬರ್‌ಗೆ ಮರುಳಾಗಬೇಡಿ: ಹಳೇ ಕ್ಯಾಮೆರಾ, ಹೊಸ ಮೊಬೈಲ್ ಎರಡೂ ಇರೋ ಮನೆಗೆ ಯಾವುದು ಸೂಕ್ತ?

ಹರಿಹರ: ಕೆಳಗೆ ಅಂಗಡಿ, ಮೇಲೆ ಮನೆ. ಬಿಲ್ಲಿಂಗ್ ಕಂಪ್ಯೂಟರ್, ಬಾಗಿಲ ಮೇಲಿನ ಕ್ಯಾಮೆರಾ, ಟಿವಿ, ಮನೆಮಂದಿಯ ಮೊಬೈಲ್ ಎಲ್ಲದಕ್ಕೂ ಒಂದೇ ವೈ-ಫೈ. ಸಂಜೆ ಎಲ್ಲರೂ ಸೇರಿದ ಮೇಲೆ ಟಿವಿ ನಿಂತು ನಿಂತು ಬರುತ್ತೆ, ಕ್ಯಾಮೆರಾ ಆಫ್‌ಲೈನ್ ಆಗುತ್ತೆ. ಆಗ ಸಿಗುವ ಸಲಹೆ ಒಂದೇ: ಹೊಸ ರೂಟರ್ ಹಾಕಿಸಿ.

ದುಡ್ಡು ಕೊಡೋ ಮೊದಲು ಒಂದು ಪರೀಕ್ಷೆ ಮಾಡಬೇಕು. ಈಗಿರುವ ಬಾಕ್ಸ್‌ಗೆ ಲ್ಯಾಪ್‌ಟಾಪನ್ನು ಕೇಬಲ್‌ನಲ್ಲೇ ಜೋಡಿಸಿ ಸ್ಪೀಡ್ ನೋಡಿ. ಅಲ್ಲೂ ನಿಧಾನ ಇದ್ದರೆ ತೊಂದರೆ ಹೆಚ್ಚಾಗಿ ಲೈನ್‌ನದ್ದು. ಕಂಪನಿಗೆ ದೂರು ಕೊಡಬೇಕೇ ಹೊರತು ರೂಟರ್ ಬದಲಿಸಿ ಪ್ರಯೋಜನವಿಲ್ಲ.

ಇನ್ನು ಬಾಕ್ಸ್ ಮೇಲಿನ ನಂಬರ್. 'ಎಎಕ್ಸ್1500' ಅಂದ್ರೆ 2.4 ಗಿಗಾಹರ್ಟ್ಸ್‌ನ 300 ಮತ್ತು 5 ಗಿಗಾಹರ್ಟ್ಸ್‌ನ 1200 ಎಂಬಿಪಿಎಸ್ ಕೂಡಿಸಿದ ಲೆಕ್ಕ. ಇದು ಕಾಗದದ ಮೇಲಿನ ಗರಿಷ್ಠ ವೇಗ. ಪ್ಲಾನ್ 100 ಎಂಬಿಪಿಎಸ್‌ದಾದರೆ ಯಾವ ರೂಟರ್ ತಂದರೂ ಇಂಟರ್ನೆಟ್ ಅದಕ್ಕಿಂತ ಹೆಚ್ಚು ಓಡಲ್ಲ.

ನಿಜವಾದ ಸಮಸ್ಯೆ ಹಳೇದು-ಹೊಸದು ಬೆರೆತಿರುವುದು. ಕಡಿಮೆ ಬೆಲೆಯ ಹಲವು ಕ್ಯಾಮೆರಾ, ಸ್ಮಾರ್ಟ್ ಪ್ಲಗ್‌ಗಳಿಗೆ 2.4 ಮಾತ್ರ ಗೊತ್ತು. ಅದು ಗೋಡೆ ದಾಟಿ ದೂರ ಹೋಗುತ್ತೆ, ವೇಗ ಕಡಿಮೆ. 5 ವೇಗವಾಗಿದ್ದರೂ ಗೋಡೆ ಅಡ್ಡ ಬಂದರೆ ಸೊರಗುತ್ತೆ. ಹಾಗಾಗಿ ಎರಡೂ ಇರುವ, ಎರಡಕ್ಕೂ ಬೇರೆ ಬೇರೆ ಹೆಸರು ಕೊಡಲು ಬರುವ ರೂಟರ್ ಬೇಕು. ಭದ್ರತೆಗೆ ಡಬ್ಲ್ಯುಪಿಎ3 ಒಂದನ್ನೇ ಇಟ್ಟರೆ ಹಳೇ ಸಾಧನಗಳು ಸೇರಿಕೊಳ್ಳಲ್ಲ. ಡಬ್ಲ್ಯುಪಿಎ2 ಜೊತೆಗಿನ ಮಿಶ್ರ ಆಯ್ಕೆ ಇರಲಿ.

6 ಗಿಗಾಹರ್ಟ್ಸ್ ಬ್ಯಾಂಡ್‌ನ ಕೆಳಭಾಗವನ್ನು ಲೈಸೆನ್ಸ್ ಇಲ್ಲದೆ ಬಳಸಲು ಬಿಡುವ ಕರಡು ನಿಯಮವನ್ನು ಕೇಂದ್ರ ಸರ್ಕಾರ 2025ರ ಮೇನಲ್ಲಿ ಪ್ರಕಟಿಸಿತ್ತು. ಅದು ಒಳ್ಳೆಯದೇ. ಆದರೆ ಆ ಬ್ಯಾಂಡ್ ಹಿಡಿಯುವ ಮೊಬೈಲ್ ಮನೆಯಲ್ಲಿ ಇಲ್ಲದಿದ್ದರೆ ಅದಕ್ಕೆ ಕೊಟ್ಟ ಹೆಚ್ಚಿನ ದುಡ್ಡು ವ್ಯರ್ಥ.

ಸದ್ಯಕ್ಕೆ ಸಾಮಾನ್ಯ ಮನೆ-ಅಂಗಡಿಗೆ ಗಿಗಾಬಿಟ್ ಪೋರ್ಟ್ ಇರುವ ಡ್ಯುಯಲ್ ಬ್ಯಾಂಡ್ ವೈ-ಫೈ 6 ರೂಟರ್ ಸಾಕು. ಪೋರ್ಟ್ 100 ಎಂಬಿಪಿಎಸ್‌ದೇ ಆದರೆ 200ರ ಪ್ಲಾನ್ ಹಾಕಿಸಿದರೂ ಅರ್ಧ ಅಲ್ಲೇ ಉಳಿಯುತ್ತೆ. ಟಿವಿ, ಬಿಲ್ಲಿಂಗ್ ಕಂಪ್ಯೂಟರ್‌ಗೆ ಕೇಬಲ್ ಎಳೆಸಿದರೆ ವೈ-ಫೈ ಮೇಲಿನ ಹೊರೆ ಇಳಿಯುತ್ತೆ. ಮಹಡಿಗೆ ಸಿಗ್ನಲ್ ಬರದಿದ್ದರೆ ಕೇಬಲ್‌ನಲ್ಲಿ ಇನ್ನೊಂದು ಆಕ್ಸೆಸ್ ಪಾಯಿಂಟ್ ಕೊಡಿಸಬಹುದು. ಕರೆಂಟ್ ಹೋದಾಗಲೂ ಬಿಲ್ಲಿಂಗ್ ನಿಲ್ಲಬಾರದು ಅನ್ನೋರು ಉಳಿಸಿದ ದುಡ್ಡಲ್ಲಿ ಒಂದು ಮಿನಿ ಯುಪಿಎಸ್ ತಗೊಂಡರೆ ಅದೇ ಜಾಣತನ.