ನರಿಯೂ ದ್ರಾಕ್ಷಿಯೂ

ಕೈಗೆಟುಕದ ದ್ರಾಕ್ಷಿಯನ್ನು ಹುಳಿಯೆಂದು ನರಿ ಹಳಿದ ಕಥೆಯನ್ನು ಅರಿಯದವರಿಲ್ಲ. ದ್ರಾಕ್ಷಿಯಲ್ಲಿಯೇ ನರಿಯ ವಾಸನೆಯುಂಟೆಂದು ಮನುಷ್ಯ ಹಳಿದ ಕಥೆ ಮಾತ್ರ ಅಷ್ಟು ಪ್ರಸಿದ್ಧವಲ್ಲ. ಆ ಅಪವಾದವನ್ನು ಹೊತ್ತ ಕುಲದ ಹಣ್ಣೇ ನಮ್ಮ 'ಬೆಂಗಳೂರು ನೀಲಿ'.

ಇದು ಅಮೆರಿಕದ 'ಇಸಾಬೆಲ್ಲಾ' ತಳಿಯ ಬಳಗ. 19ನೆಯ ಶತಮಾನದ ಉತ್ತರಾರ್ಧದಲ್ಲಿ ಫಿಲಾಕ್ಸೆರಾ ಎಂಬ ಕೀಟವು ಬೇರನ್ನು ಹೀರಿ ಫ್ರಾನ್ಸಿನ ದ್ರಾಕ್ಷಿತೋಟಗಳನ್ನು ಹಾಳುಗೆಡವಿದಾಗ, ಅಲ್ಲಿನ ರೈತರು ಅಮೆರಿಕದ ಬಳ್ಳಿಗಳಿಗೆ ಮೊರೆಹೊಕ್ಕರು. ಸಂಕಟ ಕಳೆದು ದ್ರಾಕ್ಷಾರಸವು ಬೇಡಿಕೆಯನ್ನು ಮೀರಿ ಹರಿಯತೊಡಗಿದ ಮೇಲೆ, 1934–35ರಲ್ಲಿ ಅಲ್ಲಿನ ಸರಕಾರವು ಇಸಾಬೆಲ್ಲಾ ಸೇರಿದಂತೆ ಆರು ತಳಿಗಳನ್ನು ನಿಷೇಧಿಸಿತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ?

ಅಲ್ಲಿ ಕಳಂಕವೆನಿಸಿದ ಘಾಟು ಇಲ್ಲಿ ಪರಿಮಳವಾಯಿತು. ದಪ್ಪ ಸಿಪ್ಪೆ, ಜಾರುವ ತಿರುಳು, ಸಿಹಿಯೊಡನೆ ಬೆರೆತ ಹುಳಿ – ಇವೇ ಇದರ ಗುರುತು. ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರ, ಕೋಲಾರ ಜಿಲ್ಲೆಗಳ ಚಪ್ಪರಗಳಿಂದ ಇಳಿದು, ಹಣ್ಣಾಗಿ, ಪಾನಕವಾಗಿ, ಜಾಮ್ ಆಗಿ ಮನೆಗಳನ್ನು ಸೇರುತ್ತದೆ. ಸಿಹಿಯಾದ 'ಪೋರ್ಟ್' ಮಾದರಿಯ ವೈನಿಗೂ ಒದಗುತ್ತದೆ. 2013ರಲ್ಲಿ ಇದಕ್ಕೆ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆಯಿತು.

ಪರರ ನಾಲಗೆಯನ್ನು ನಂಬಿ ಮನೆಯ ಹಣ್ಣಿಗೆ ಬೆಲೆ ಕಟ್ಟಹೊರಟರೆ, ನಷ್ಟ ಚಪ್ಪರ ಹಾಕಿದ ರೈತನಿಗೇ.