ಗೇಟು ಹಾಕ್ಕೊಂಡು ಹೋಗಿ ಸ್ವಾಮಿ

ಮೊದಲೇ ಒಪ್ಕೊಂಡುಬಿಡ್ತೀನಿ. ನನ್ನ ಹತ್ರಾನೂ ಒಂದು ಗ್ರಾವೆಲ್ ಬೈಕ್ ಇದೆ. ಅದರ ಬೆಲೆ ಎಷ್ಟು ಅಂತ ಊರಲ್ಲಿರೋ ಅಮ್ಮನಿಗೆ ಇವತ್ತಿಗೂ ಹೇಳಿಲ್ಲ. ಹಾಗಾಗಿ ಇಲ್ಲಿ ಬೀಳೋ ಬೈಗುಳದಲ್ಲಿ ಅರ್ಧ ಪಾಲು ನನ್ನದೇ.

ಬೈಯಬೇಕಾಗಿರೋದು ಒಂದು ಪದವನ್ನ. ಖಾಲಿ. ‘ರೋಡೆಲ್ಲಾ ಖಾಲಿ ಗುರೂ’, ‘ಒಂದು ನರಪಿಳ್ಳೆ ಇಲ್ಲ ಮಗಾ’, ‘ಫುಲ್ ಎಂಪ್ಟಿ, ನಮಗೇ ಅಂತ ಮಾಡಿಟ್ಟಂಗಿದೆ’. ಗ್ರಾವೆಲ್ ಬೈಕ್ ಮಾರುವವರ ಜಾಹೀರಾತು ನೋಡಿ, ಅಲ್ಲೂ ಇದೇ. ಬಿಳಿ ಮಣ್ಣಿನ ದಾರಿ, ಮೇಲೆ ದೊಡ್ಡ ಆಕಾಶ, ನಡುವೆ ಒಬ್ಬನೇ ಒಬ್ಬ ಸವಾರ. ಆ ಫೋಟೋದಲ್ಲಿ ಕುರಿ ಇರಲ್ಲ, ಬೇಲಿ ಇರಲ್ಲ, ಬೇಲಿ ಹಾಕಿದವಳಂತೂ ಇರೋದೇ ಇಲ್ಲ.

ಫ್ರಾನ್ಸಿನ ನಡುಭಾಗದ ಎತ್ತರದ ಸೀಮೆಗೆ ಮಾಸಿಫ್ ಸಾಂತ್ರಾಲ್ ಅಂತಾರೆ. ಅದರ ದಕ್ಷಿಣದ ಅಂಚಿನಲ್ಲಿ ಲಾರ್ಜಾಕ್ ಪ್ರಸ್ಥಭೂಮಿ ಇದೆ. ಸುಮಾರು ಸಾವಿರ ಚದರ ಕಿಲೋಮೀಟರಿನಷ್ಟು ಸುಣ್ಣಕಲ್ಲು. ಕೆಳಗೆ ತಾರ್ನ್ ನದಿಯ ದಡದಲ್ಲಿ ಮಿಯೋ ಅನ್ನೋ ಪಟ್ಟಣ. 2004ರಲ್ಲಿ ಕಟ್ಟಿ ಮುಗಿಸಿದ ಆ ಭಾರೀ ಎತ್ತರದ ಸೇತುವೆಯ ಚಿತ್ರ ನೀವೂ ನೋಡಿರ್ತೀರಿ. ಮಿಯೋದಿಂದ ತಿರುವು ತಿರುವು ಏರಿ ಮೇಲೆ ಬಂದರೆ ಗಾಳಿ, ಕಲ್ಲು, ಕುರುಚಲು ಹುಲ್ಲು. ಮಳೆ ಬಿದ್ದ ನೀರೆಲ್ಲ ಸುಣ್ಣಕಲ್ಲಿನ ಬಿರುಕಿನಲ್ಲಿ ಇಳಿದು ಹೋಗುತ್ತೆ, ಹಾಗಾಗಿ ತೊರೆ ಇಲ್ಲ, ಕೆರೆ ಇಲ್ಲ. ಕುರಿಗಳಿಗಾಗಿ ಕಲ್ಲುಹಾಸು ಹಾಕಿ ಮಾಡಿದ ದುಂಡನೆಯ ಹೊಂಡಗಳಿವೆ, ‘ಲಾವೋಞ್’ ಅಂತಾರೆ. ನೀವು ಕುಡಿಯೋ ನೀರನ್ನ ನೀವೇ ಹೊತ್ತುಕೊಂಡು ಹೋಗಬೇಕು. 45 ಮಿಲಿಮೀಟರ್ ಟಯರಿಗೆ ಸ್ವರ್ಗ, ನಿಜ. ಅದರಲ್ಲಿ ತಕರಾರಿಲ್ಲ.

ಎರಡು ವರ್ಷದ ಹಿಂದೆ, ಮೇ ತಿಂಗಳು. ನಾನಾಗ ತುಲೂಸಿನಲ್ಲಿ ಕೆಲಸದಲ್ಲಿದ್ದೆ. ಬೆಂಗಳೂರಿನಿಂದ ಇಬ್ಬರು ಗೆಳೆಯರು ಬಂದಿದ್ದರು. ಮೂವರೂ ಲಾರ್ಜಾಕ್ ಏರಿದೆವು. ಮೊಬೈಲಿನಲ್ಲಿ ಯಾರೋ ಹಾಕಿಟ್ಟ ದಾರಿ, ನೀಲಿ ಗೆರೆ, ಅದರ ಎರಡೂ ಬದಿ ಬಿಳಿ. ಹಾಳೆಯ ಹಾಗೆ ಬಿಳಿ. ಒಂದು ಕಡೆ ದಾರಿಗೆ ಅಡ್ಡಲಾಗಿ ಬೇಲಿ, ಬೇಲಿಗೊಂದು ತಂತಿಯ ಗೇಟು. ಮೊದಲನೆಯವನು ತೆಗೆದ. ಎರಡನೆಯವನು, ಅಂದರೆ ನಾನು, ಹಿಂದಿನವನು ಹಾಕ್ತಾನೆ ಅಂದುಕೊಂಡೆ. ಹಿಂದಿನವನು ವಿಡಿಯೋ ಮಾಡ್ತಿದ್ದ.

ಮುಕ್ಕಾಲು ಗಂಟೆ ಕಳೆದ ಮೇಲೆ ಹಳೇ ವ್ಯಾನೊಂದು ಧೂಳೆಬ್ಬಿಸಿಕೊಂಡು ಬಂದು ನಮ್ಮ ಮುಂದೆ ಅಡ್ಡ ನಿಂತಿತು. ಐವತ್ತು ದಾಟಿದ ಹೆಂಗಸು, ಪಕ್ಕದ ಸೀಟಿನಲ್ಲಿ ನಾಯಿ. ಕುರಿಗಳೆಲ್ಲ ಗೇಟು ದಾಟಿ ಪಕ್ಕದ ಕುದುರೆ ಮೆಂತೆಯ ಹೊಲಕ್ಕೆ ನುಗ್ಗಿದ್ದವು. ಹಿಂದಿನ ರಾತ್ರಿ ಮಳೆ ಬೇರೆ. ಒದ್ದೆ ಕುದುರೆ ಮೆಂತೆ ಹೊಟ್ಟೆತುಂಬಾ ತಿಂದರೆ ಕುರಿಗೆ ಉಬ್ಬರ ಬರುತ್ತೆ, ಸಾಯಲೂಬಹುದು. ಕುರಿ ಸಾಕಿದ ಮನೆಯವರಿಗೆ ನಾನು ಇದನ್ನ ಹೇಳಬೇಕಾಗಿಲ್ಲ. ನನಗೆ ಮಾತ್ರ ಅವತ್ತೇ ಗೊತ್ತಾಗಿದ್ದು. ಮೂರು ಜನ ಲೈಕ್ರಾ ಚಡ್ಡಿಯಲ್ಲಿ ಎರಡು ಗಂಟೆ ಕುರಿ ಅಟ್ಟಿದೆವು. ಸರಿಯಾಗಿ ಹೇಳಬೇಕಂದ್ರೆ ಅಟ್ಟಿದ್ದು ನಾಯಿ, ನಾವು ಕೈ ಅಗಲ ಮಾಡಿ ನಿಂತಿದ್ದೆವು. ಪುಣ್ಯಕ್ಕೆ ಒಂದೂ ಸಾಯಲಿಲ್ಲ. ಸಂಜೆಯ ಹಾಲು ಕರೆಯೋ ಹೊತ್ತು ಮಾತ್ರ ಮೀರಿತ್ತು.

ಆಕೆ ಕೂಗಾಡಲಿಲ್ಲ. ದಾರಿ ಹೇಗೆ ಗೊತ್ತಾಯ್ತು ಅಂತ ಕೇಳಿದಳು. ಮೊಬೈಲ್ ತೋರಿಸಿದೆ. ಬೆರಳಿನಲ್ಲಿ ದೊಡ್ಡದು ಮಾಡಿ, ಇನ್ನೂ ದೊಡ್ಡದು ಮಾಡಿ ನೋಡಿದಳು. ಅವಳ ಹಟ್ಟಿ ಇರಬೇಕಾದ ಜಾಗದಲ್ಲಿ ಏನೂ ಇರಲಿಲ್ಲ. ವಾಪಸ್ ಕೊಟ್ಟು ವ್ಯಾನ್ ಹತ್ತಿದಳು.

ಅವತ್ತು ರಾತ್ರಿ ರೂಮಿನಲ್ಲಿ ಕೂತು ಲಾರ್ಜಾಕಿನ ಬಗ್ಗೆ ಓದಿದೆ. ನಾಚಿಕೆ ಅಂದ್ರೆ ಏನು ಅಂತ ಸರಿಯಾಗಿ ಗೊತ್ತಾಗಿದ್ದು ಆಗ.

1971ರ ಅಕ್ಟೋಬರಿನಲ್ಲಿ ರಕ್ಷಣಾ ಮಂತ್ರಿ ಮಿಷೆಲ್ ದೆಬ್ರೆ ಒಂದು ಘೋಷಣೆ ಮಾಡಿದರು. ಲಾರ್ಜಾಕಿನ ಸೇನಾ ಶಿಬಿರ 3,000 ಹೆಕ್ಟೇರಿನಿಂದ 17,000 ಹೆಕ್ಟೇರಿಗೆ ಬೆಳೆಯುತ್ತೆ ಅಂತ. ಸರ್ಕಾರದ ಕಡೆಯವರ ವಾದ ಏನು ಗೊತ್ತಾ? ಬರಡು ಭೂಮಿ, ಬೆರಳೆಣಿಕೆಯ ಜನ, ನಾಲ್ಕು ಕುರಿ. ಖಾಲಿ ಜಾಗ. ನಮ್ಮ ವಿಡಿಯೋದ ಕೆಳಗೆ ಗೆಳೆಯ ಬರೆದಿದ್ದೂ ಅದನ್ನೇ, ಒಂದು ನಗುಮುಖ ಸೇರಿಸಿ.

ಆ ‘ಬೆರಳೆಣಿಕೆಯ ಜನ’ದಲ್ಲಿ 103 ರೈತರು 1972ರ ಮಾರ್ಚಿನಲ್ಲಿ ಸೇನೆಗೆ ನೆಲ ಮಾರಲ್ಲ ಅಂತ ಒಟ್ಟಿಗೆ ಪ್ರತಿಜ್ಞೆ ಮಾಡಿದರು. ಅದೇ ಹೊತ್ತಿಗೆ ಲಾ ಕವಲೆರಿ ಅನ್ನೋ ಊರಿನಲ್ಲಿ ಒಬ್ಬ ಬಿಳಿಗಡ್ಡದ ಮುದುಕ ಹದಿನೈದು ದಿನ ಉಪವಾಸ ಕೂತಿದ್ದರು. ಹೆಸರು ಲಾಂಜಾ ದೆಲ್ ವಾಸ್ತೊ. 1937ರಲ್ಲಿ ವಾರ್ಧಾಕ್ಕೆ ಹೋಗಿ ಗಾಂಧಿಯ ಜೊತೆ ಇದ್ದು, ಅವರಿಂದ ‘ಶಾಂತಿದಾಸ’ ಅಂತ ಹೆಸರು ಪಡೆದು ಬಂದವರು. ಹತ್ತು ವರ್ಷ ನಡೆದ ಆ ಹೋರಾಟದಲ್ಲಿ ರೈತರು ಗುಂಡು ಹಾರಿಸಲಿಲ್ಲ. ಐಫೆಲ್ ಗೋಪುರದ ಕೆಳಗೆ ಕುರಿ ಮೇಯಿಸಿದರು. ಟ್ರಾಕ್ಟರಿನಲ್ಲಿ ಪ್ಯಾರಿಸ್ ಕಡೆ ಹೊರಟರು, ಆಮೇಲೆ ನಡೆದೇ ಹೋದರು. ಲಾ ಬ್ಲಾಕಿಯೇರಿನಲ್ಲಿ ಪರವಾನಗಿ ಇಲ್ಲದೆ ಒಂದು ಕಲ್ಲಿನ ಕುರಿಹಟ್ಟಿ ಕಟ್ಟಿದರು, ಕಲ್ಲು ಹೊರೋಕೆ ದೇಶವಿದೇಶದಿಂದ ಜನ ಬಂದರು. ಸಾವಿರಾರು ಜನ ಚೂರು ಚೂರು ಪಾಲು ಹಾಕಿ ನೆಲ ಕೊಂಡು, ಸೇನೆ ಯಾರ ಹತ್ತಿರ ಮಾತಾಡಬೇಕು ಅನ್ನೋದೇ ತಿಳಿಯದ ಹಾಗೆ ಮಾಡಿಟ್ಟರು. 1981ರಲ್ಲಿ ಮಿತರಾಂ ಅಧ್ಯಕ್ಷರಾದ ಮೇಲೆ ಯೋಜನೆ ಬಿತ್ತು. ಅಷ್ಟರೊಳಗೆ ಸೇನೆ ಕೊಂಡಿದ್ದ 6,300 ಹೆಕ್ಟೇರನ್ನ 1985ರಲ್ಲಿ ಸರ್ಕಾರ ರೈತರದೇ ಒಂದು ಸಂಘಕ್ಕೆ ದೀರ್ಘ ಗುತ್ತಿಗೆಗೆ ಕೊಟ್ಟಿತು. ಅಲ್ಲಿ ಸಾಗುವಳಿ ಮಾಡೋನು ನಿವೃತ್ತಿಯವರೆಗೂ ಮಾಡಬಹುದು, ಮಾರೋ ಹಾಗಿಲ್ಲ, ಮಕ್ಕಳಿಗೆ ಬರೆದುಕೊಡೋ ಹಾಗೂ ಇಲ್ಲ. ಈಗ ಆ ಗುತ್ತಿಗೆ 2083ರವರೆಗೆ ಇದೆ.

ಹೋರಾಟ ಸೋತಿದ್ದರೆ ನನ್ನ ನೀಲಿ ಗೆರೆಯ ಎಷ್ಟೋ ಕಡೆ ಇವತ್ತು ಫಿರಂಗಿ ಅಭ್ಯಾಸ ನಡೀತಿರ್ತಿತ್ತು. ಹಳೇ ಶಿಬಿರ ಈಗಲೂ ಇದೆ, ಕೆಂಪಕ್ಷರದ ಬೋರ್ಡು ಕಂಡರೆ ಹಿಂದಿರುಗಲೇಬೇಕು.

ಸರಿ, ಅದು ಹಳೇ ಕಥೆ ಅಂತೀರಾ? ಇವತ್ತಿನದನ್ನೇ ಹೇಳ್ತೀನಿ. ಆ ‘ಕಾಡು ಸೌಂದರ್ಯ’ವನ್ನ ದಿನಾ ಬೆಳಿಗ್ಗೆ ಮಾಡಿಡೋದು ಕುರಿಯ ಹಲ್ಲು. ಮೇಯೋದು ನಿಂತರೆ ಜೂನಿಪರ್ ಪೊದೆ ಬರುತ್ತೆ, ಆಮೇಲೆ ಪೈನ್, ಆಮೇಲೆ ದಾರಿಯೂ ಇಲ್ಲ, ದೊಡ್ಡ ಆಕಾಶವೂ ಇಲ್ಲ. 2011ರಲ್ಲಿ ಯುನೆಸ್ಕೊ ಈ ಸೀಮೆಯನ್ನ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಪಶುಪಾಲನೆ ರೂಪಿಸಿದ ನೆಲ ಅನ್ನೋ ಕಾರಣಕ್ಕೆ. ಆ ಕುರಿ ನಿಂತಿರೋದು ಹಾಲಿನ ಮೇಲೆ, ಹಾಲು ನಿಂತಿರೋದು ರೋಕ್‌ಫೋರ್ ಚೀಸಿನ ಮೇಲೆ. 1999ರಲ್ಲಿ ಅಮೆರಿಕ ಆ ಚೀಸಿನ ಮೇಲೆ ನೂರಕ್ಕೆ ನೂರು ಸುಂಕ ಹಾಕಿದಾಗ ಮಿಯೋದಲ್ಲಿ ಕಟ್ಟುತ್ತಿದ್ದ ಮೆಕ್‌ಡೊನಾಲ್ಡ್ಸ್ ಅಂಗಡಿಯನ್ನ ಬಿಚ್ಚಿ ಹಾಕಿದ ಜೋಸೆ ಬೋವೆ ಲಾರ್ಜಾಕಿನ ಕುರಿಗಾರನೇ. ಅದಕ್ಕೆ ಮೂರು ವರ್ಷ ಮೊದಲು ನಮ್ಮ ಬ್ರಿಗೇಡ್ ರಸ್ತೆಯಲ್ಲಿ ಕೆಎಫ್‌ಸಿಗೆ ನುಗ್ಗಿದ್ದ ರೈತ ಸಂಘದ ನಂಜುಂಡಸ್ವಾಮಿಯವರೂ ಬೋವೆಯೂ ‘ವಿಯಾ ಕಂಪೆಸಿನಾ’ ಅನ್ನೋ ಒಂದೇ ರೈತ ಒಕ್ಕೂಟದವರು. ಕಲ್ಲು ಹೊಡೆಯೋದು ಸರೀನಾ ತಪ್ಪಾ ಅನ್ನೋ ಜಗಳ ಇನ್ನೊಂದು ದಿನಕ್ಕಿರಲಿ.

ಇನ್ನು ದಾರಿ. ಫ್ರಾನ್ಸಿನಲ್ಲಿ ‘ಶೆಮಾಂ ರೂರಾಲ್’, ಹಳ್ಳಿದಾರಿ, ಅಂತ ಕಾನೂನಿನಲ್ಲೇ ಒಂದು ಬಗೆ ಇದೆ. ಅದು ಊರಿನ ಪಂಚಾಯ್ತಿಯ ಆಸ್ತಿ, ಸಾರ್ವಜನಿಕರ ಓಡಾಟಕ್ಕೆ ಬಿಟ್ಟದ್ದು. ಆದರೆ ಜನ ಓಡಾಡೋದು ನಿಂತರೆ ಪಂಚಾಯ್ತಿ ವಿಚಾರಣೆ ನಡೆಸಿ ಅದನ್ನ ಮಾರಿಬಿಡಬಹುದು. ಅಂದರೆ ನಾವು ಸವಾರಿ ಮಾಡೋದರಿಂದ ಆ ದಾರಿಗೆ ಲಾಭವೂ ಇದೆ. ಟಯರಿನ ಗುರುತೂ ಒಂದು ಸಾಕ್ಷಿ. ಹಾಗಾಗಿ ‘ಹೋಗಲೇಬೇಡಿ’ ಅನ್ನೋ ಮಡಿವಂತಿಕೆ ನನ್ನದಲ್ಲ. ಹೋಗಿ. ಆದರೆ ಆ ದಾರಿಯನ್ನ ‘ಡಿಸ್ಕವರ್’ ಮಾಡಿದೆ ಅಂತ ಮಾತ್ರ ಹೇಳಬೇಡಿ.

‘ಒಂದು ಪದಕ್ಕೆ ಇಷ್ಟು ಉರಿದು ಬೀಳ್ತೀಯಲ್ಲೋ, ಹೋಗೋದೇ ತಲೆ ಖಾಲಿ ಮಾಡ್ಕೊಳ್ಳೋಕೆ’ ಅಂತ ವಿಡಿಯೋ ಮಾಡಿದ ಗೆಳೆಯ ಕೇಳಿದ. ಅವನ ಊರು ಚಳ್ಳಕೆರೆ. ಅಲ್ಲಿನ ಅಮೃತ ಮಹಲ್ ಕಾವಲಿನಲ್ಲಿ ಸುಮಾರು 10,000 ಎಕರೆ ಹುಲ್ಲುಗಾವಲನ್ನ ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ, ವಿಜ್ಞಾನ ಅಂತ ಸಂಸ್ಥೆಗಳಿಗೆ ಹಂಚಿದಾಗಲೂ ಕೇಳಿಬಂದ ಮಾತು ಖಾಲಿ ಜಾಗ ಅಂತಲೇ. ಕುರಿ ಮೇಯಿಸೋರಿದ್ದರು, ಕಂಬಳಿ ನೇಯೋರಿದ್ದರು, ಅವರು ಹಸಿರು ನ್ಯಾಯಪೀಠದ ತನಕ ಹೋದರು, ಗೋಡೆ ಎದ್ದೇ ಎದ್ದಿತು. ಆ ಸಂಶೋಧನೆ ಬೇಕೋ ಬೇಡವೋ ಅಂತ ನಾನು ವಾದಿಸ್ತಿಲ್ಲ. ಖಾಲಿ ಅಂತ ಬರೆದವನು ಅಲ್ಲಿ ಒಂದು ಸಂಜೆ ನಿಂತು ಹಟ್ಟಿಗೆ ವಾಪಸ್ ಹೋಗೋ ಕುರಿ ಎಣಿಸಿದ್ದನಾ ಅಂತ ಕೇಳ್ತಿದೀನಿ. ಗೆಳೆಯ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಮ್ಮ ತಾತನೂ ಅಲ್ಲೇ ಮೇಯಿಸ್ತಿದ್ದರು’ ಅಂದ.

ಕಳೆದ ವಾರ ಅವನದೇ ಮೆಸೇಜು. ಸೆಪ್ಟೆಂಬರಿನಲ್ಲಿ ಮತ್ತೆ ಹೋಗ್ತಾನಂತೆ, ದಾರಿಯ ಫೈಲು ಬೇಕಂತೆ. ಕಳಿಸಿದೆ, ಆದರೆ ನಾನೇ ಕೂತು ಗುರುತು ಹಾಕಿ ಕಳಿಸಿದೆ. 68 ಕಿಲೋಮೀಟರಿನಲ್ಲಿ ಹನ್ನೊಂದು ಗೇಟು. ಚೀಸು ಕೊಳ್ಳೋಕೆ ಎರಡು ಮನೆ. ತೋಳ ಮತ್ತೆ ಬಂದಿರೋದರಿಂದ ಕೆಲವು ಹಿಂಡಿನ ಜೊತೆ ದೊಡ್ಡ ಬಿಳಿ ಕಾವಲು ನಾಯಿ ಇರುತ್ತೆ, ಅಲ್ಲಿ ಇಳಿದು ಸೈಕಲ್ಲನ್ನ ನಡುವೆ ಇಟ್ಟುಕೊಂಡು ನಿಧಾನಕ್ಕೆ ನಡೀಬೇಕು, ಅದಕ್ಕೊಂದು ಗುರುತು. ಬಿಳಿ ಹಾಳೆಯಲ್ಲಿ ಆಕೆಯ ಹಟ್ಟಿಗೂ ಒಂದು ಚುಕ್ಕೆ.

‘ಹನ್ನೊಂದು ಸಲ ಇಳೀಬೇಕಾ? ಆವರೇಜ್ ಸ್ಪೀಡ್ ಹಾಳಾಗುತ್ತಲ್ಲ ಮಗಾ’ ಅಂತ ಬರೆದಿದ್ದಾನೆ.

ಹಾಳಾಗಲಿ ಅಂತ ಉತ್ತರ ಹಾಕಿದೀನಿ.