ಊರಿಗೆ ಹಣ: ಅಮೆರಿಕದಲ್ಲಿ ನೋಟಿಗೆ ತೆರಿಗೆ, ಕಾರ್ಡ್‌ಗೆ ವಿನಾಯಿತಿ, ಲಾಭ ಯಾರಿಗೆ?

ರಾಕ್‌ವಿಲ್ (ಮೇರಿಲ್ಯಾಂಡ್): ವಾಷಿಂಗ್ಟನ್ ಪಕ್ಕದ ಈ ಊರಿನಲ್ಲಿ ಕೊತ್ತಂಬರಿ ಸೊಪ್ಪಿಗೂ ಕಾರ್ಡೇ ಉಜ್ಜೋದು ರೂಢಿ. ಈಗ ಊರಿಗೆ ದುಡ್ಡು ಕಳಿಸುವಾಗಲೂ ಕಾರ್ಡ್ ಹಿಡಿಯಿರಿ ಎಂದು ಕಾನೂನೇ ಹೇಳಿದಂತಾಗಿದೆ.

2025ರ ಜುಲೈ 4ರಂದು ಅಧ್ಯಕ್ಷ ಟ್ರಂಪ್ ಸಹಿ ಹಾಕಿದ ಕಾನೂನಿನಂತೆ, 2026ರ ಜನವರಿ 1ರಿಂದ ನಗದು, ಮನಿ ಆರ್ಡರ್ ಅಥವಾ ಕ್ಯಾಷಿಯರ್ಸ್ ಚೆಕ್ ಕೊಟ್ಟು ವಿದೇಶಕ್ಕೆ ಹಣ ಕಳಿಸಿದರೆ ಶೇ. 1 ತೆರಿಗೆ. ಮೊದಲ ಪ್ರಸ್ತಾವ ಶೇ. 5 ಇತ್ತು, ಕೆಳಮನೆಯಲ್ಲಿ ಶೇ. 3.5 ಆಯಿತು, ಕೊನೆಗೆ ಶೇ. 1ಕ್ಕೆ ನಿಂತಿತು. ಅಮೆರಿಕದ ಬ್ಯಾಂಕ್ ಖಾತೆ, ಅಲ್ಲಿನ ಡೆಬಿಟ್ ಅಥವಾ ಕ್ರೆಡಿಟ್ ಕಾರ್ಡ್‌ನಿಂದ ಕಳಿಸಿದರೆ ತೆರಿಗೆ ಇಲ್ಲ.

ಪೆಟ್ಟು ಯಾರಿಗೆ? ಸಂಬಳ ಖಾತೆಗೆ ಬೀಳುವ ಐಟಿ ಉದ್ಯೋಗಿಗೆ ಅಲ್ಲ. ದಿನಗೂಲಿಯನ್ನು ನೋಟಿನಲ್ಲೇ ಪಡೆದು ಕೌಂಟರ್ ಮುಂದೆ ನಿಲ್ಲುವವನಿಗೆ.

ಹಾಗಂತ ಎರಡೂ ಕಾರ್ಡ್ ಒಂದೇ ಅಲ್ಲ. ಡೆಬಿಟ್‌ನಲ್ಲಿ ಹೋಗೋದು ಸ್ವಂತ ದುಡ್ಡು, ಕ್ರೆಡಿಟ್‌ನಲ್ಲಿ ಸಾಲ. ಕ್ರೆಡಿಟ್ ಕಾರ್ಡ್‌ನಿಂದ ಹಣ ಕಳಿಸಿದರೆ ಹಲವು ಬ್ಯಾಂಕುಗಳು ಅದನ್ನು ನಗದು ಮುಂಗಡ ಎಂದೇ ಲೆಕ್ಕ ಹಿಡಿಯುತ್ತವೆ: ಪ್ರತ್ಯೇಕ ಶುಲ್ಕ, ಜತೆಗೆ ಅದೇ ದಿನದಿಂದ ಬಡ್ಡಿ. 500 ಡಾಲರ್‌ಗೆ 5 ಡಾಲರ್ ತೆರಿಗೆ ಉಳಿಸಲು ಹೋಗಿ, ಶುಲ್ಕ ಶೇ. 5 ಇದ್ದರೆ 25 ಡಾಲರ್ ಕಳಕೊಂಡಂತೆ.

ನ್ಯೂಯಾರ್ಕ್ ಫೆಡರಲ್ ರಿಸರ್ವ್ ಪ್ರಕಾರ 2024ರ ಕೊನೆಗೆ ಅಮೆರಿಕನ್ನರ ಕ್ರೆಡಿಟ್ ಕಾರ್ಡ್ ಬಾಕಿ 1.21 ಲಕ್ಷ ಕೋಟಿ ಡಾಲರ್. ಸರಾಸರಿ ಬಡ್ಡಿ ವರ್ಷಕ್ಕೆ ಶೇ. 21ರ ಆಸುಪಾಸು. ಅಂದರೆ 1,000 ಡಾಲರ್ ಬಾಕಿ ಉಳಿಸಿಕೊಂಡರೆ ತಿಂಗಳಿಗೆ ಸುಮಾರು 17 ಡಾಲರ್ ಬಡ್ಡಿಗೇ ಹೋಗುತ್ತದೆ. ವ್ಯಾಪಾರ ಜೋರಾಗಿ ಕಾಣುತ್ತದೆ, ಅದರಲ್ಲಿ ಎಷ್ಟೋ ಪಾಲು ಮುಂದಿನ ತಿಂಗಳ ಸಂಬಳ.

ಗಲ್ಫ್‌ನಲ್ಲಿರುವವರಿಗೆ ಇದು ದೂರದ ಸುದ್ದಿ ಅನಿಸಬಹುದು. ಆದರೆ ರಿಸರ್ವ್ ಬ್ಯಾಂಕ್ ಸಮೀಕ್ಷೆ ನೋಡಿ: 2023-24ರಲ್ಲಿ ಭಾರತಕ್ಕೆ ಬಂದ ಹಣದಲ್ಲಿ ಅಮೆರಿಕದ ಪಾಲು ಶೇ. 27.7, ಯುಎಇ ಪಾಲು ಶೇ. 19.2. ಹಣ ಕಳಿಸುವುದಕ್ಕೆ ತೆರಿಗೆ ಹಾಕುವ ಮಾತು ಗಲ್ಫ್ ದೇಶಗಳಲ್ಲೂ ಆಗಾಗ ಎದ್ದಿದೆ. ಅಮೆರಿಕ ಹಾದಿ ತೋರಿಸಿದ ಮೇಲೆ ಆ ಮಾತಿಗೆ ಬಲ ಬಂದರೆ ಅಚ್ಚರಿ ಇಲ್ಲ.

ಇಲ್ಲಿನ ಕಾರ್ಡ್‌ಗಳಲ್ಲಿ ಬಡ್ಡಿಯನ್ನು ತಿಂಗಳ ಲೆಕ್ಕದಲ್ಲಿ ತೋರಿಸೋದು ಹೆಚ್ಚು. ಶೇ. 3 ಸಣ್ಣದಾಗಿ ಕಾಣುತ್ತದೆ. ಹನ್ನೆರಡರಿಂದ ಗುಣಿಸಿದರೆ 36. ಸಂಬಳ ಬಂದ ದಿನ ಡೆಬಿಟ್‌ನಿಂದ ಊರಿಗೆ ಕಳಿಸಿ, ಕ್ರೆಡಿಟ್ ಬಳಸಿದ್ದರೆ ಪೂರ್ತಿ ಬಾಕಿ ತೀರಿಸುವವರ ಮನೆಗೆ ಮಾತ್ರ ದುಡಿದದ್ದು ಪೂರಾ ಮುಟ್ಟುತ್ತದೆ.